ತೊರೆಯ ಹುಳುವಿಗೆ ಒಗ್ಗದ ಪರದೇಶಿ ಎಲೆ

ಕಾಡಿನ ನಡುವೆ ಹರಿಯುವ ಸಣ್ಣ ತೊರೆಯ ನೀರು ಎಷ್ಟೇ ತಿಳಿಯಾಗಿದ್ದರೂ ಅದರ ತಳದಲ್ಲಿ, ಕಲ್ಲುಗಳ ಸಂದಿಯಲ್ಲಿ, ಅರೆಕೊಳೆತ ಎಲೆಗಳ ಒಟ್ಟಿಲು ಇದ್ದೇ ಇರುತ್ತದೆ. ನೋಡುವವರ ಕಣ್ಣಿಗೆ ಅದು ಕಸ. ತೊರೆಯ ಪಾಲಿಗೆ ಅದೇ ಅನ್ನ. ದಡದ ಮರಗಳು ಉದುರಿಸಿದ ಎಲೆಯನ್ನು ತಿಂದು ಬದುಕುವ ಹುಳುಗಳು, ಆ ಹುಳುಗಳನ್ನು ತಿಂದು ಬದುಕುವ ಮೀನು, ಕಪ್ಪೆ, ಹಕ್ಕಿಗಳು ಹೀಗೆ ಒಂದು ಸಂಸಾರವೇ ಆ ಒಟ್ಟಿಲನ್ನು ನೆಚ್ಚಿಕೊಂಡಿರುತ್ತದೆ. ದಡದ ಮರ ಬದಲಾದರೆ ಈ ಸಂಸಾರದ ಗತಿ ಏನು?

ನೀಲಗಿರಿ, ಅಕೇಶಿಯಾ ಮುಂತಾದ ಪರದೇಶಿ ಮರಗಳ ಕುರಿತು ಕರ್ನಾಟಕದಲ್ಲಿ ದಶಕಗಳಿಂದ ವಾದ ವಿವಾದ ನಡೆದಿದೆ. ಅಂತರ್ಜಲ ಬತ್ತುತ್ತದೆಯೇ, ಮಣ್ಣು ಬರಡಾಗುತ್ತದೆಯೇ, ಗೋಮಾಳದ ಮೇಲೆ ಹಕ್ಕು ಯಾರದು ಎಂಬ ಪ್ರಶ್ನೆಗಳ ಸುತ್ತಲೇ ಈ ಚರ್ಚೆ ಸುತ್ತಿದೆ. ಆ ಮರಗಳ ಎಲೆ ನೀರಿಗೆ ಬಿದ್ದ ಮೇಲೆ ಏನಾಗುತ್ತದೆ ಎಂಬ ಪ್ರಶ್ನೆ ಮಾತ್ರ ಈ ಚರ್ಚೆಯೊಳಗೆ ಬಂದದ್ದು ಅಪರೂಪ. ಈ ಪ್ರಶ್ನೆಯನ್ನು ಗಂಭೀರವಾಗಿ ಕೈಗೆತ್ತಿಕೊಂಡವರು ಪೋರ್ಚುಗಲ್ ಮತ್ತು ಸ್ಪೇನ್ ದೇಶಗಳ ವಿಜ್ಞಾನಿಗಳು. ಅವರ ಮೂರು ದಶಕಗಳ ಅಧ್ಯಯನದಿಂದ ದೊರೆತ ಉತ್ತರ ಮಲೆನಾಡಿನವರೂ ಕೇಳಿಸಿಕೊಳ್ಳಬೇಕಾದದ್ದಾಗಿದೆ.

ನೆರಳಿನ ತೊರೆಗೆ ಎಲೆಯೇ ಆಧಾರ

ಕೆರೆ ಅಥವಾ ವಿಶಾಲವಾದ ನದಿಯಲ್ಲಿ ಬಿಸಿಲು ನೀರಿಗೆ ಬೀಳುತ್ತದೆ. ಪಾಚಿ, ಜಲಸಸ್ಯಗಳು ಅಲ್ಲಿ ಬೆಳೆಯುತ್ತವೆ. ಆಹಾರ ನೀರಿನಲ್ಲಿಯೇ ತಯಾರಾಗುತ್ತದೆ. ದಟ್ಟ ಕಾಡಿನ ಮೇಲ್ಭಾಗದಲ್ಲಿ ಹುಟ್ಟುವ ಕಿರುತೊರೆಯ ಸ್ಥಿತಿ ಹಾಗಲ್ಲ. ಎರಡೂ ದಡದ ಮರಗಳ ರೆಂಬೆಗಳು ಮೇಲೆ ಕೂಡಿಕೊಂಡು ಚಪ್ಪರ ಹಾಕಿರುವುದರಿಂದ ಬಿಸಿಲು ಕೆಳಗಿಳಿಯುವುದು ಕಡಿಮೆ, ಪಾಚಿಯೂ ಕಡಿಮೆ. ಹೀಗಾಗಿ ಅಲ್ಲಿನ ಜೀವಿಗಳು ಹೊರಗಿನಿಂದ ಬರುವ ಆಹಾರವನ್ನೇ ನಂಬಬೇಕು. ಆ ಆಹಾರವೇ ಉದುರೆಲೆ.

ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಬೇರ್ ಬ್ರೂಕ್ ಎಂಬ ತೊರೆಯ ಶಕ್ತಿಯ ಆಯವ್ಯಯವನ್ನು ಸ್ಟುವರ್ಟ್ ಫಿಶರ್ ಮತ್ತು ಜೀನ್ ಲೈಕನ್ಸ್ ಎಂಬ ವಿಜ್ಞಾನಿಗಳು 1973ರಲ್ಲಿ ಪ್ರಕಟಿಸಿದರು. ಆ ತೊರೆಗೆ ದೊರೆಯುವ ಶಕ್ತಿಯಲ್ಲಿ ಶೇ. 99ಕ್ಕೂ ಹೆಚ್ಚು ಪಾಲು ಸುತ್ತಲ ಕಾಡಿನಿಂದ ಬಂದದ್ದು ಎಂಬುದು ಅವರ ಲೆಕ್ಕದಿಂದ ತಿಳಿಯಿತು. ತೊರೆ ಎಂದರೆ ಕೇವಲ ನೀರು ಹರಿಯುವ ಕಾಲುವೆಯಲ್ಲ, ಅದು ಕಾಡಿನದೇ ಒಂದು ಅಂಗ ಎಂಬ ತಿಳಿವಳಿಕೆ ಬಲಗೊಂಡದ್ದು ಇಂಥ ಅಧ್ಯಯನಗಳ ನಂತರ.

ಎಲೆಯನ್ನೇ ತಡೆದರೆ ಏನಾಗಬಹುದು? ಇದನ್ನು ಬ್ರೂಸ್ ವ್ಯಾಲೇಸ್ ಮತ್ತು ಸಂಗಡಿಗರು ನಾರ್ತ್ ಕೆರೊಲೈನಾದ ಕವೀಟಾ ಕಾಡಿನಲ್ಲಿ ಪರೀಕ್ಷಿಸಿ ನೋಡಿದರು. ಒಂದು ಕಿರುತೊರೆಯ ಮೇಲೆ ಬಲೆಯ ಚಾವಣಿ ಹಾಕಿ ಎಲೆ ಬೀಳದಂತೆ ಮಾಡಿದರು. ಮೂರು ವರ್ಷಗಳ ಫಲಿತಾಂಶ 1997ರಲ್ಲಿ ಪ್ರಕಟವಾಯಿತು. ಎಲೆ ತಿನ್ನುವ ಹುಳುಗಳಷ್ಟೇ ಅಲ್ಲ, ಅವುಗಳನ್ನು ಬೇಟೆಯಾಡುವ ಹುಳುಗಳೂ ಕ್ಷೀಣಿಸಿದ್ದವು. ಬುಡದ ಮೆಟ್ಟಿಲು ಕುಸಿದರೆ ಮೇಲಿನ ಮೆಟ್ಟಿಲುಗಳೂ ನಿಲ್ಲಲಾರವು ಎಂಬುದಕ್ಕೆ ಇದು ನೇರ ಸಾಕ್ಷಿ.

ಬೂಷ್ಟು ಹಿಡಿದ ಎಲೆಯೇ ಮೃಷ್ಟಾನ್ನ

ಮರದಿಂದ ಬಿದ್ದ ಎಲೆಯನ್ನು ಹುಳುಗಳು ಒಡನೆಯೇ ತಿನ್ನುವುದಿಲ್ಲ. ನೀರಿಗೆ ಬಿದ್ದ ಮೊದಲ ಒಂದೆರಡು ದಿನಗಳಲ್ಲಿ ಎಲೆಯೊಳಗಿನ ಸಕ್ಕರೆ, ಲವಣ ಮುಂತಾದ ಕರಗುವ ಪದಾರ್ಥಗಳು ಸೋರಿಹೋಗುತ್ತವೆ. ಚಹಾ ಸೊಪ್ಪು ನೀರಿನಲ್ಲಿ ಬಣ್ಣ ಬಿಡುವ ರೀತಿಯೇ ಇದು. ಅನಂತರ ಶಿಲೀಂಧ್ರಗಳು, ಅಂದರೆ ಬೂಷ್ಟು, ಎಲೆಯ ಮೇಲೆ ನೆಲೆಯೂರುತ್ತವೆ. ಎಳೆಗಳನ್ನು ಎಲೆಯೊಳಗೆ ಚಾಚಿ ಗಟ್ಟಿ ನಾರನ್ನು ಕರಗಿಸುತ್ತವೆ. ಹರಿಯುವ ನೀರಿನಿಂದ ಸಾರಜನಕ, ರಂಜಕಗಳನ್ನು ಹೀರಿ ತಮ್ಮ ಮೈಯಲ್ಲಿ ಸೇರಿಸಿಕೊಳ್ಳುತ್ತವೆ. ಕೆಲವು ವಾರಗಳಲ್ಲಿ ಒರಟು ಎಲೆ ಮೆತ್ತಗಾಗಿ, ಪೋಷಕಾಂಶ ತುಂಬಿದ ಆಹಾರವಾಗಿ ಮಾರ್ಪಡುತ್ತದೆ.

ತೊರೆಯ ಈ ಶಿಲೀಂಧ್ರಗಳ ಲೋಕವನ್ನು 1942ರಲ್ಲಿ ಜಗತ್ತಿಗೆ ಪರಿಚಯಿಸಿದವರು ಇಂಗ್ಲೆಂಡಿನ ವಿಜ್ಞಾನಿ ಸಿ.ಟಿ. ಇಂಗೋಲ್ಡ್. ಇವುಗಳಲ್ಲಿ ಅನೇಕ ಜಾತಿಗಳ ಬೀಜಕಣಗಳು ನಾಲ್ಕು ತೋಳಿನ ನಕ್ಷತ್ರದ ಆಕಾರದಲ್ಲಿರುತ್ತವೆ. ಹರಿವ ನೀರಿನಲ್ಲಿ ಎಲೆಗೆ ತಗುಲಿಕೊಳ್ಳಲು ಈ ಆಕಾರವೇ ಅನುಕೂಲ. ತೊರೆಯ ಮೇಲೆ ತೇಲುವ ಬಿಳಿ ನೊರೆಯಲ್ಲಿ ಇಂಥ ಬೀಜಕಣಗಳು ಹೇರಳವಾಗಿ ಸಿಕ್ಕಿಕೊಂಡಿರುತ್ತವೆ. ಪಶ್ಚಿಮ ಘಟ್ಟದ ತೊರೆಗಳಲ್ಲಿ ಈ ಶಿಲೀಂಧ್ರಗಳನ್ನು ಹುಡುಕಿ ದಾಖಲಿಸುವ ಕೆಲಸವನ್ನು ಮಂಗಳೂರು ವಿಶ್ವವಿದ್ಯಾಲಯದ ಕೆ.ಆರ್. ಶ್ರೀಧರ್ ಮತ್ತು ಅವರ ಸಹೋದ್ಯೋಗಿಗಳು 1980ರ ದಶಕದಿಂದ ನಡೆಸಿಕೊಂಡು ಬಂದಿದ್ದಾರೆ. ಪರದೇಶಿ ಮರಗಳಾದ ರಬ್ಬರ್ ಮತ್ತು ನೀಲಗಿರಿಯ ಎಲೆಗಳೂ ಅವರ ಅಧ್ಯಯನದ ವಸ್ತುಗಳಾಗಿದ್ದವು.

ಹೀಗೆ ಹದಗೊಂಡ ಎಲೆಯನ್ನು ಕತ್ತರಿಸಿ ತಿನ್ನುವ ಹುಳುಗಳ ಗುಂಪನ್ನು ವಿಜ್ಞಾನಿಗಳು ‘ಶ್ರೆಡರ್’ ಎಂದು ಕರೆಯುತ್ತಾರೆ. ಎಲೆಚೂರು, ಮರಳಿನಿಂದ ತನ್ನ ಸುತ್ತ ಗೂಡು ಕಟ್ಟಿಕೊಳ್ಳುವ ಕ್ಯಾಡಿಸ್‌ಫ್ಲೈ ಮರಿಗಳು, ಕಲ್ಲಿನಡಿ ವಾಸಿಸುವ ಸ್ಟೋನ್‌ಫ್ಲೈ ಮರಿಗಳು, ಬೆಳೆದ ಮೇಲೆ ಉದ್ದ ಕಾಲಿನ ದೊಡ್ಡ ಸೊಳ್ಳೆಯಂತೆ ಕಾಣುವ ಕ್ರೇನ್‌ಫ್ಲೈನ ಮರಿಗಳು ಈ ಗುಂಪಿನ ಪ್ರಮುಖ ಸದಸ್ಯರು. ಬೂಷ್ಟಿಲ್ಲದ ಎಲೆ ಇವಕ್ಕೆ ಬರಿಯ ರೊಟ್ಟಿ. ಬೂಷ್ಟು ಹಿಡಿದದ್ದು ಬೆಣ್ಣೆ ಸವರಿದ ರೊಟ್ಟಿ. ಇವು ತಿಂದು ಉದುರಿಸಿದ ಪುಡಿ ಮತ್ತು ಹಿಕ್ಕೆ ನೀರಿನಲ್ಲಿ ಕೆಳಕ್ಕೆ ಹರಿದು, ಅಲ್ಲಿ ಸೋಸಿ ತಿನ್ನುವ ಇನ್ನೊಂದು ಬಗೆಯ ಹುಳುಗಳಿಗೆ ಊಟವಾಗುತ್ತದೆ. ಮೇಲಿನ ತೊರೆಯ ಅಡುಗೆಮನೆಯಲ್ಲಿ ಬೇಯುವುದರ ಒಂದು ಪಾಲು ಕೆಳಗಿನ ನದಿಗೆ ಸಲ್ಲುತ್ತದೆ.

ನೀಲಗಿರಿ ಎಲೆಯ ನಾಲ್ಕು ಕಾವಲು

ಆಸ್ಟ್ರೇಲಿಯಾ ಮೂಲದ ನೀಲಗಿರಿಯ ‘ಗ್ಲಾಬ್ಯುಲಸ್’ ಎಂಬ ಜಾತಿ 19ನೇ ಶತಮಾನದಲ್ಲಿ ಪೋರ್ಚುಗಲ್‌ಗೆ ಬಂದಿತು. ಕಾಗದದ ತಿರುಳಿಗಾಗಿ 20ನೇ ಶತಮಾನದ ಉತ್ತರಾರ್ಧದಲ್ಲಿ ಅದರ ನೆಡುತೋಪುಗಳು ವಿಪರೀತವಾಗಿ ಹರಡಿದವು. ಇಂದು ಆ ದೇಶದ ಅರಣ್ಯ ಪ್ರದೇಶದ ಸುಮಾರು ಕಾಲು ಭಾಗ ನೀಲಗಿರಿಯದೇ ಆಗಿದೆ. ಆಲ್ಡರ್, ಓಕ್, ಚೆಸ್ಟ್‌ನಟ್ ಮರಗಳ ನೆರಳಿನಲ್ಲಿ ಹರಿಯುತ್ತಿದ್ದ ಅನೇಕ ತೊರೆಗಳು ಈಗ ನೀಲಗಿರಿ ತೋಪಿನ ನಡುವೆ ಹರಿಯುತ್ತಿವೆ. ಕೊಯಿಂಬ್ರಾ ವಿಶ್ವವಿದ್ಯಾಲಯದ ಮಾನ್ಯುಯೆಲ್ ಗ್ರಾಸಾ, ಕ್ರಿಸ್ಟಿನಾ ಕಾನ್ಯೋಟು ಮತ್ತು ಅವರ ಸಂಗಡಿಗರು 1990ರ ದಶಕದಲ್ಲಿ ಕೈಗೊಂಡ ಪ್ರಯೋಗಗಳು ಈ ಬದಲಾವಣೆಯ ಒಳಮರ್ಮವನ್ನು ಬಿಡಿಸಿ ತೋರಿಸಿದವು.

ನೀಲಗಿರಿ ಎಲೆಗೆ ನಾಲ್ಕು ಕಾವಲುಗಳಿವೆ. ಮೊದಲನೆಯದು ಮೇಣದ ದಪ್ಪ ಹೊರಪದರ. ಆಲ್ಡರ್ ಎಲೆಯ ಮೇಲೆ ಸಲೀಸಾಗಿ ಹರಡುವ ಶಿಲೀಂಧ್ರ ನೀಲಗಿರಿ ಎಲೆಯೊಳಗೆ ಹೋಗಬೇಕಾದರೆ ಪತ್ರರಂಧ್ರವನ್ನೋ ಹೊರಪದರದ ಬಿರುಕನ್ನೋ ಹುಡುಕಬೇಕು. ಎರಡನೆಯದು ಎಲ್ಲರಿಗೂ ಪರಿಚಿತವಾದ ನೀಲಗಿರಿ ಎಣ್ಣೆ. ನೆಗಡಿಗೆ ಹಚ್ಚಿಕೊಳ್ಳುವ ಆ ಎಣ್ಣೆ ಮರಕ್ಕೆ ತನ್ನ ಎಲೆಯನ್ನು ಕಾಯುವ ಆಯುಧ. ಅದು ಶಿಲೀಂಧ್ರದ ಬೆಳವಣಿಗೆಯನ್ನು ತಡೆಯುತ್ತದೆ, ಹುಳುವಿನ ಬಾಯಿಗೂ ರುಚಿಸುವುದಿಲ್ಲ. ಮೂರನೆಯದು ಒಗರು ಕೊಡುವ ಪಾಲಿಫಿನಾಲ್ ರಾಸಾಯನಿಕಗಳು. ಇವು ಹುಳುವಿನ ಹೊಟ್ಟೆಯೊಳಗೆ ಜೀರ್ಣಕ್ರಿಯೆಗೆ ಅಡ್ಡಿ ಮಾಡುತ್ತವೆ. ನಾಲ್ಕನೆಯದು ಬಡತನ: ಆಲ್ಡರ್ ಎಲೆಗೆ ಹೋಲಿಸಿದರೆ ಇದರಲ್ಲಿ ಸಾರಜನಕ ಬಹಳ ಕಡಿಮೆ. ಕಷ್ಟಪಟ್ಟು ತಿಂದರೂ ದಕ್ಕುವುದು ಅಲ್ಪ.

ಇವುಗಳಲ್ಲಿ ಯಾವುದರ ಪಾತ್ರ ಎಷ್ಟು ಎಂಬುದನ್ನು ತಿಳಿಯಲು ಸಂಶೋಧಕರು ಒಂದು ಉಪಾಯ ಹೂಡಿದರು. ನೀಲಗಿರಿಯ ಎಣ್ಣೆಯನ್ನು ಬೇರ್ಪಡಿಸಿ ಹುಳುಗಳಿಗೆ ಪ್ರಿಯವಾದ ಆಲ್ಡರ್ ಎಲೆಗೆ ಸವರಿದರು. ‘ಟಿಪ್ಯುಲಾ ಲ್ಯಾಟರಾಲಿಸ್’ ಎಂಬ ಕ್ರೇನ್‌ಫ್ಲೈನ ಮರಿಗಳು ಅದುವರೆಗೆ ಇಷ್ಟಪಟ್ಟು ತಿನ್ನುತ್ತಿದ್ದ ಎಲೆಯಿಂದಲೇ ಹಿಂದೆಗೆದವು. ದೋಷ ಎಲೆಯ ಒರಟುತನದಲ್ಲಿ ಮಾತ್ರವಲ್ಲ, ಅದರ ರಾಸಾಯನಿಕದಲ್ಲಿಯೂ ಇದೆ ಎಂಬುದು ಇದರಿಂದ ಖಚಿತವಾಯಿತು. ವಿವಿಧ ಎಲೆಗಳನ್ನು ಕೊಟ್ಟು ಇದೇ ಹುಳುವನ್ನು ಸಾಕಿದಾಗ ಆಲ್ಡರ್ ತಿಂದವು ಚೆನ್ನಾಗಿ ಬೆಳೆದವು. ನೀಲಗಿರಿಯ ಪಾಲು ಪಡೆದವು ಎಲ್ಲಕ್ಕಿಂತ ಹಿಂದೆ ಬಿದ್ದವು.

ಹಾಗೆಂದು ನೀಲಗಿರಿ ಎಲೆ ಶಾಶ್ವತ ವಿಷವೇನಲ್ಲ. ನೀರಿನಲ್ಲಿ ಹೆಚ್ಚು ಕಾಲ ನೆನೆದಂತೆ ಎಣ್ಣೆ, ಒಗರು ಇಳಿಯುತ್ತವೆ, ಮೇಣದ ಪದರ ಬಿರಿಯುತ್ತದೆ, ಶಿಲೀಂಧ್ರ ಒಳಹೊಗುತ್ತದೆ. ತವರಾದ ಆಸ್ಟ್ರೇಲಿಯಾದಲ್ಲಿ ಅದನ್ನೇ ತಿಂದು ಬದುಕುವ ಹುಳುಗಳಿವೆ. ಆದರೆ ಅಲ್ಲಿನ ಹುಳುಗಳಿಗೆ ಆ ಎಲೆಯೊಂದಿಗೆ ಹೊಂದಿಕೊಳ್ಳಲು ಲಕ್ಷಾಂತರ ವರ್ಷಗಳ ಅವಕಾಶವಿತ್ತು. ಪೋರ್ಚುಗಲ್‌ನ ಹುಳುಗಳಿಗೆ ದೊರೆತದ್ದು ನೂರೈವತ್ತು ವರ್ಷವಷ್ಟೆ.

ಊಟದ ಹೊತ್ತು ತಪ್ಪಿದಾಗ

ಎಲೆಯ ಗುಣದಷ್ಟೇ ಅದು ಬೀಳುವ ಕಾಲವೂ ಮುಖ್ಯ. ಯುರೋಪಿನ ಓಕ್, ಚೆಸ್ಟ್‌ನಟ್ ಕಾಡುಗಳು ಶರದೃತುವಿನಲ್ಲಿ ಒಮ್ಮೆಗೇ ಎಲೆ ಉದುರಿಸುತ್ತವೆ. ಅಲ್ಲಿನ ಅನೇಕ ಹುಳುಗಳ ಬದುಕಿನ ಪಂಚಾಂಗ ಈ ಎಲೆಯುದುರುವಿಕೆಗೆ ಹೊಂದಿಕೊಂಡೇ ರೂಪುಗೊಂಡಿದೆ. ಆಹಾರ ಹೇರಳವಾಗಿರುವಾಗಲೇ ಮರಿಗಳು ಬೆಳೆಯುತ್ತವೆ. ನೀಲಗಿರಿ ನಿತ್ಯಹಸಿರಿನ ಮರ. ಅದರ ಎಲೆ ವರ್ಷವಿಡೀ ಬೀಳುತ್ತದೆ, ಬೇಸಿಗೆಯಲ್ಲಿ ಹೆಚ್ಚಾಗಿ ಬೀಳುತ್ತದೆ. ಮಧ್ಯ ಪೋರ್ಚುಗಲ್‌ನ ತೊರೆಗಳಲ್ಲಿ ಬೇಸಿಗೆಯೆಂದರೆ ನೀರು ಇಳಿಯುವ ಕಾಲ. ತೊಗಟೆ ಮತ್ತು ಎಲೆ ಒಣಗಿದ ಪಾತ್ರದಲ್ಲಿ ಗುಡ್ಡೆ ಬೀಳುತ್ತವೆ. ಅಡುಗೆ ಸಿದ್ಧವಾದಾಗ ಉಣ್ಣುವವರಿಲ್ಲ. ಉಣ್ಣುವವರು ಬಂದಾಗ ಬಡಿಸಲು ತಕ್ಕ ಅಡುಗೆಯಿಲ್ಲ.

ನೈಸರ್ಗಿಕ ಕಾಡಿನ ತೊರೆಗೆ ಹತ್ತಾರು ಜಾತಿಯ ಎಲೆಗಳು ಬೀಳುತ್ತವೆ. ಕೆಲವು ಬೇಗ ಹದಗೊಳ್ಳುತ್ತವೆ, ಕೆಲವು ತಿಂಗಳುಗಟ್ಟಲೆ ಉಳಿಯುತ್ತವೆ. ಆಲ್ಡರ್ ಮುಗಿಯುವ ಹೊತ್ತಿಗೆ ಓಕ್ ತಯಾರಾಗುತ್ತದೆ. ಹೀಗೆ ವರ್ಷದ ಬಹುಕಾಲ ಉಗ್ರಾಣ ಬರಿದಾಗದಂತೆ ಏರ್ಪಾಡು ಇರುತ್ತದೆ. ಒಂದೇ ಜಾತಿಯ ನೆಡುತೋಪು ಈ ಏರ್ಪಾಡನ್ನು ಮುರಿಯುತ್ತದೆ. ಮಧ್ಯ ಪೋರ್ಚುಗಲ್‌ನಲ್ಲಿ ಎರಡೂ ಬಗೆಯ ತೊರೆಗಳನ್ನು ಹೋಲಿಸಿ 1996ರಲ್ಲಿ ಪ್ರಕಟವಾದ ಅಧ್ಯಯನವು ನೀಲಗಿರಿ ತೋಪಿನ ತೊರೆಗಳಲ್ಲಿ ಹುಳುಗಳ ವೈವಿಧ್ಯ ಕಡಿಮೆಯಿರುವುದನ್ನು ಗುರುತಿಸಿತು. ಉತ್ತರ ಸ್ಪೇನ್‌ನ ತೊರೆಗಳಲ್ಲಿಯೂ ಎಲೆ ತಿನ್ನುವ ಹುಳುಗಳ ಸಂಖ್ಯೆ ಇಳಿದಿರುವುದು ಕಂಡುಬಂದಿದೆ.

ಹಲವು ದೇಶಗಳ ತೊರೆಗಳಲ್ಲಿ ಒಂದೇ ವಿಧಾನದಿಂದ ನಡೆಸಿ 2019ರಲ್ಲಿ ಪ್ರಕಟಿಸಲಾದ ಅಧ್ಯಯನವೊಂದು ಇನ್ನೊಂದು ಸೂಕ್ಷ್ಮವನ್ನು ಎತ್ತಿ ತೋರಿಸಿತು. ಎಲೆಗಳನ್ನು ಬಲೆಚೀಲಗಳಲ್ಲಿಟ್ಟು ನೀರಿನಲ್ಲಿ ಮುಳುಗಿಸುವುದು ಇಂಥ ಅಧ್ಯಯನಗಳ ಕ್ರಮ. ದೊಡ್ಡ ಕಣ್ಣಿನ ಬಲೆಯೊಳಗೆ ಹುಳು ನುಗ್ಗಬಹುದು. ಸಣ್ಣ ಕಣ್ಣಿನದರೊಳಗೆ ಸೂಕ್ಷ್ಮಜೀವಿಗಳಿಗಷ್ಟೇ ಪ್ರವೇಶ. ನೀಲಗಿರಿ ತೋಪಿನ ತೊರೆಗಳಲ್ಲಿ ಮುಖ್ಯವಾಗಿ ಕುಗ್ಗಿದ್ದು ಹುಳುಗಳು ಪಾಲ್ಗೊಂಡ ಕೊಳೆಯುವಿಕೆ. ಅಂದರೆ ಪೆಟ್ಟು ಹೆಚ್ಚಾಗಿ ಬಿದ್ದಿರುವುದು ಹುಳುಗಳ ಮೇಲೆ.

ದೇಶ ಮುಖ್ಯವಲ್ಲ, ಗುಣ ಮುಖ್ಯ

ಪರದೇಶಿ ಮರವೆಂದ ಮಾತ್ರಕ್ಕೆ ಅದರ ಎಲೆ ಕೆಟ್ಟದ್ದೆಂದು ತೀರ್ಮಾನಿಸುವುದು ಸರಿಯಲ್ಲ. ಸ್ಥಳೀಯ ಮರಗಳಲ್ಲಿಯೂ ಗಡುಸಾದ, ಒಗರಾದ ಎಲೆಗಳಿವೆ. ಎಲೆಯ ದಪ್ಪ, ಸಾರಜನಕ, ಲಿಗ್ನಿನ್, ಒಗರು ಎಷ್ಟು ಎಂಬುದೇ ಹುಳುವಿಗೆ ಲೆಕ್ಕ, ಮರದ ಕುಲಗೋತ್ರವಲ್ಲ. ನೀರಿನಲ್ಲಿ ಪೋಷಕಾಂಶ ಹೆಚ್ಚಿದ್ದಲ್ಲಿ ನೀಲಗಿರಿ ಎಲೆಯೂ ಸಾಕಷ್ಟು ಬೇಗ ಕೊಳೆಯುವುದನ್ನು ಸ್ಪೇನ್‌ನ ಸಂಶೋಧಕರು ಕಂಡಿದ್ದಾರೆ.

ಬೇಗ ಕೊಳೆಯುವ ಎಲೆಯೆಲ್ಲ ಒಳ್ಳೆಯದೆಂಬ ಮಾತೂ ನಿಲ್ಲುವುದಿಲ್ಲ. ಅಮೆರಿಕದ ಅರಿಜೋನಾ ರಾಜ್ಯದ ಹೊಳೆದಂಡೆಗಳನ್ನು ಆಕ್ರಮಿಸಿದ ಟ್ಯಾಮರಿಸ್ಕ್ ಎಂಬ ಪರದೇಶಿ ಮರದ ಕುರಿತು 2001ರಲ್ಲಿ ಪ್ರಕಟವಾದ ಅಧ್ಯಯನ ಇದಕ್ಕೆ ಉದಾಹರಣೆ. ಅದರ ಎಲೆ ಸ್ಥಳೀಯ ಕಾಟನ್‌ವುಡ್ ಎಲೆಗಿಂತ ಬೇಗ ಕೊಳೆಯಿತು. ಆದರೆ ಅದರ ಮೇಲೆ ಕಂಡ ಹುಳುಗಳ ಜಾತಿಗಳು ಅರ್ಧದಷ್ಟು, ಸಂಖ್ಯೆ ನಾಲ್ಕನೇ ಒಂದು ಪಾಲಿನಷ್ಟು ಮಾತ್ರ. ಬೇಗ ಕರಗಿಹೋಗುವ ಎಲೆ ಹುಳುವಿಗೆ ಊಟವಾಗಿಯೂ ಒದಗದು, ಅಡಗುವ ಮನೆಯಾಗಿಯೂ ಉಳಿಯದು. ತೀರ ಗಟ್ಟಿಯಾದದ್ದು ಒಂದು ಬಗೆಯ ಹಸಿವನ್ನು ತಂದರೆ ತೀರ ಮೆತ್ತಗಿನದು ಇನ್ನೊಂದು ಬಗೆಯ ಹಸಿವನ್ನು ತರುತ್ತದೆ. ನಿಜವಾದ ಅಪಾಯ ಇರುವುದು ಬಗೆಬಗೆಯ ಎಲೆಗಳ ಜಾಗವನ್ನು ಒಂದೇ ಬಗೆಯ ಎಲೆ ಕಬಳಿಸಿದಾಗ.

ಹುಳು ಕಡಿಮೆಯಾದರೆ ನಷ್ಟ ಯಾರಿಗೆ

ತೊರೆಯ ಹುಳುಗಳಲ್ಲಿ ಬಹುಪಾಲು ರೆಕ್ಕೆ ಬಂದ ಮೇಲೆ ನೀರು ಬಿಟ್ಟು ಮೇಲೇಳುತ್ತವೆ. ಜೇಡ, ಬಾವಲಿ, ಹಕ್ಕಿಗಳು ಅವುಗಳಿಗಾಗಿ ಕಾದಿರುತ್ತವೆ. ಜಪಾನಿನ ಹೊಕ್ಕೈಡೊ ದ್ವೀಪದ ಹೊರೊನಾಯಿ ತೊರೆಯಲ್ಲಿ ಶಿಗೆರು ನಕಾನೊ ಮತ್ತು ಮಸಾಶಿ ಮುರಾಕಾಮಿ ನಡೆಸಿದ ಅಧ್ಯಯನ 2001ರಲ್ಲಿ ಪ್ರಕಟವಾಯಿತು. ದಡದ ಕಾಡಿನ ಹಕ್ಕಿಗಳು ವರ್ಷದಲ್ಲಿ ಪಡೆಯುವ ಆಹಾರಶಕ್ತಿಯ ಸುಮಾರು ಕಾಲು ಭಾಗ ತೊರೆಯಿಂದ ಎದ್ದ ಹುಳುಗಳಿಂದ ಬರುತ್ತಿತ್ತು. ಪ್ರತಿಯಾಗಿ ತೊರೆಯ ಮೀನುಗಳ ಆಹಾರಶಕ್ತಿಯ ಶೇ. 44ರಷ್ಟು ಕಾಡಿನಿಂದ ನೀರಿಗೆ ಬಿದ್ದ ಹುಳುಗಳದ್ದಾಗಿತ್ತು. ಕಾಡಿಗೂ ತೊರೆಗೂ ನಡುವಿನ ಕೊಡುಕೊಳ್ಳುವಿಕೆ ಇಷ್ಟು ಗಾಢವಾದದ್ದು. ಕಾಡು ಕೊಡುವ ಎಲೆ ಹುಳುವಿಗೆ ದಕ್ಕದೆ ಹೋದರೆ ತೊರೆ ಹಿಂದಿರುಗಿಸುವ ಪಾಲೂ ತಗ್ಗುತ್ತದೆ.

ಕರ್ನಾಟಕದ ಲೆಕ್ಕದಲ್ಲಿ ಸೇರದ ಬಾಬ್ತು

ಟಿಪ್ಪು ಸುಲ್ತಾನನ ಕಾಲದಲ್ಲಿ, 1790ರ ಸುಮಾರಿಗೆ, ನಂದಿಬೆಟ್ಟದ ತೋಟಕ್ಕೆ ಬಂದಿತೆನ್ನಲಾದ ನೀಲಗಿರಿ 20ನೇ ಶತಮಾನದಲ್ಲಿ ಕರ್ನಾಟಕದ ಬಯಲುಸೀಮೆಯನ್ನು ವ್ಯಾಪಿಸಿತು. ಮಲೆನಾಡು, ಕರಾವಳಿಯ ಗುಡ್ಡಗಳಲ್ಲಿ ಅಕೇಶಿಯಾ ತೋಪುಗಳು ಎದ್ದವು. ಕಾಗದದ ತಿರುಳಿಗಾಗಿ ಸಾಮೂಹಿಕ ಭೂಮಿಯಲ್ಲಿ ನೀಲಗಿರಿ ಬೆಳೆಸುವುದನ್ನು ವಿರೋಧಿಸಿ 1987ರ ನವೆಂಬರ್ 14ರಂದು ಅಂದಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ನಡೆದ ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹ ನಾಡಿನ ಪರಿಸರ ಹೋರಾಟದ ಇತಿಹಾಸದಲ್ಲಿ ದಾಖಲಾಗಿದೆ. 2017ರಲ್ಲಿ ರಾಜ್ಯ ಸರ್ಕಾರ ನೀಲಗಿರಿ ನೆಡುವುದನ್ನು ನಿಷೇಧಿಸಿ ಆದೇಶ ಹೊರಡಿಸಿತು. ಈ ಎಲ್ಲ ಘಟ್ಟಗಳಲ್ಲಿಯೂ ಮುಂದಿದ್ದ ಪ್ರಶ್ನೆ ನೆಲ ಮತ್ತು ನೀರಿನ ಪ್ರಮಾಣದ್ದು. ತೊರೆಯೊಳಗಿನ ಜೀವಿಗಳ ಊಟದ ಬಾಬ್ತು ಲೆಕ್ಕದ ಪುಸ್ತಕದಲ್ಲಿ ಸೇರಲಿಲ್ಲ.

ಯುರೋಪಿನ ಫಲಿತಾಂಶವನ್ನು ಪಶ್ಚಿಮ ಘಟ್ಟಕ್ಕೆ ಹಾಗೆಹಾಗೆಯೇ ಅನ್ವಯಿಸಲಾಗದು. ಉಷ್ಣವಲಯದ ಅನೇಕ ತೊರೆಗಳಲ್ಲಿ ಎಲೆ ತಿನ್ನುವ ಕೀಟಗಳು ಸಮಶೀತೋಷ್ಣ ದೇಶಗಳಲ್ಲಿರುವುದಕ್ಕಿಂತ ಕಡಿಮೆ. ತಂಪಾದ ಎತ್ತರದ ತೊರೆಗಳಲ್ಲಿ ಅವು ಹೆಚ್ಚು. ಏಡಿ, ಸೀಗಡಿಗಳೂ ಎಲೆ ಕತ್ತರಿಸುವ ಕೆಲಸದಲ್ಲಿ ಪಾಲುಗೊಳ್ಳುತ್ತವೆ. ಬಿಸಿ ವಾತಾವರಣದಲ್ಲಿ ಸೂಕ್ಷ್ಮಜೀವಿಗಳ ಕೆಲಸವೂ ಚುರುಕು. ಇಲ್ಲಿನ ಕಾಡು ಎಲೆಯುದುರಿಸುವುದು ಹೆಚ್ಚಾಗಿ ಬೇಸಿಗೆಯಲ್ಲಿ. ಆ ಎಲೆಯ ದೊಡ್ಡ ಪಾಲನ್ನು ಮುಂಗಾರಿನ ಮೊದಲ ಪ್ರವಾಹ ಕೊಚ್ಚಿ ಒಯ್ಯುತ್ತದೆ.

ಆದರೆ ಮೂಲ ತತ್ತ್ವ ಎರಡೂ ಕಡೆ ಒಂದೇ. ಮಲೆನಾಡಿನ ಅಕೇಶಿಯಾವನ್ನೇ ನೋಡಬಹುದು. ಅದರಲ್ಲಿ ಎಲೆಯೆಂದು ಕಾಣುವ ಕುಡುಗೋಲಿನ ಆಕಾರದ ಹಸಿರು ಭಾಗ ವಾಸ್ತವವಾಗಿ ಎಲೆಯಲ್ಲ, ಚಪ್ಪಟೆಯಾಗಿ ಮಾರ್ಪಟ್ಟ ಎಲೆತೊಟ್ಟು. ಅಕೇಶಿಯಾ ಸಾರಜನಕ ಹಿಡಿದಿಡುವ ಮರವಾದರೂ ಆ ತೊಟ್ಟು ಚರ್ಮದಂತೆ ಗಡುಸು. ನೆಡುತೋಪಿನ ನೆಲದ ಮೇಲೆ ಅದು ದಪ್ಪ ಹಾಸಾಗಿ ಬಿದ್ದಿರುವುದನ್ನು ಆ ಭಾಗದ ಜನ ಬಲ್ಲರು. ನೇರಳೆ, ಅತ್ತಿ, ಹೊಂಗೆ, ಹೊಳೆಮತ್ತಿ ಮೊದಲಾದವುಗಳ ಎಲೆಗಳು ಬೆರೆತು ಬೀಳುತ್ತಿದ್ದ ಹಳ್ಳಕ್ಕೆ ಅದೊಂದೇ ಬೀಳತೊಡಗಿದರೆ ಹಳ್ಳದ ಊಟದ ಎಲೆ ಬದಲಾದಂತೆಯೇ ಸರಿ.

ಪರಿಹಾರ ದುಬಾರಿಯದೇನಲ್ಲ

ನೆಡುತೋಪುಗಳನ್ನೆಲ್ಲ ಒಂದೇ ದಿನದಲ್ಲಿ ಕಡಿದು ತೆಗೆಯುವುದು ಸಾಧ್ಯವೂ ಅಲ್ಲ, ಅಗತ್ಯವೂ ಅಲ್ಲ. ತೊರೆಗೆ ಬೀಳುವ ಎಲೆಯ ಬಹುಪಾಲು ಬರುವುದು ದಡದ ಆಸುಪಾಸಿನ ಮರಗಳಿಂದ. ಆದ್ದರಿಂದ ತೊರೆಯ ಎರಡೂ ಬದಿ ಸ್ಥಳೀಯ ಮರಗಳ ಪಟ್ಟಿಯೊಂದನ್ನು ಉಳಿಸಿಕೊಂಡರೆ, ಇಲ್ಲದ ಕಡೆ ಬೆಳೆಸಿದರೆ, ಹುಳುಗಳಿಗೆ ಬೇಕಾದ ಬೆರಕೆ ಊಟ ದೊರೆಯುತ್ತದೆ. ಅದರ ಹಿಂದೆ ನೆಡುತೋಪು ಇದ್ದರೂ ಹಾನಿ ತಗ್ಗುತ್ತದೆ. ಇದೇ ಪಟ್ಟಿ ಮಣ್ಣು ಕೊಚ್ಚಿಹೋಗದಂತೆ ದಂಡೆಯನ್ನು ಹಿಡಿಯುತ್ತದೆ, ನೀರನ್ನು ತಂಪಾಗಿಡುತ್ತದೆ.

ಪಟ್ಟಿಯಲ್ಲಿ ಯಾವ ಮರ ಇರಬೇಕೆಂಬ ಆಯ್ಕೆಯಲ್ಲೂ ವಿವೇಚನೆ ಬೇಕು. ಬೇಗ ಹದಗೊಳ್ಳುವ ಎಲೆಯ ಮರ, ನಿಧಾನವಾಗಿ ಕೊಳೆಯುವ ಎಲೆಯ ಮರ, ಬೇರೆ ಬೇರೆ ಕಾಲದಲ್ಲಿ ಎಲೆಯುದುರಿಸುವ ಮರ ಇವೆಲ್ಲ ಸೇರಿದಾಗ ತೊರೆಯ ಉಗ್ರಾಣ ವರ್ಷಪೂರ್ತಿ ತುಂಬಿರುತ್ತದೆ. ಎಲೆಗಳನ್ನು ಬಲೆಚೀಲದಲ್ಲಿಟ್ಟು ತೂಗಿ ನೋಡುವ ಪರೀಕ್ಷೆ ಕಾಲೇಜು ವಿದ್ಯಾರ್ಥಿಗಳೂ ಮಾಡಬಹುದಾದಷ್ಟು ಸರಳವಾದದ್ದು. ಯಾವ ಹಳ್ಳದಲ್ಲಿ ಯಾವ ಎಲೆ ಯಾರಿಗೆ ಊಟವಾಗುತ್ತಿದೆ ಎಂಬ ವಿವರ ಊರೂರಿನಿಂದ ಕಲೆಹಾಕಬಹುದು.

ನಗರದ ನಲ್ಲಿಯಲ್ಲಿ ಬರುವ ಕಾವೇರಿ, ತುಂಗೆ, ಭದ್ರೆಯರೆಲ್ಲ ಹುಟ್ಟುವುದು ಇಂಥ ಕಿರುತೊರೆಗಳಾಗಿಯೇ. ನದಿಯ ಆರೋಗ್ಯವನ್ನು ಅಣೆಕಟ್ಟೆಯ ನೀರಿನ ಮಟ್ಟದಿಂದ ಮಾತ್ರ ಅಳೆಯುವ ರೂಢಿ ಬೆಳೆದಿದೆ. ಘಟ್ಟದ ಮೇಲಿನ ಹಳ್ಳದಲ್ಲಿ, ಕಲ್ಲಿನ ಸಂದಿಯ ಕೊಳೆತ ಎಲೆಯಲ್ಲಿ ಹುಳು ಇದೆಯೋ ಇಲ್ಲವೋ ಎಂಬುದೂ ಅದರ ಇನ್ನೊಂದು ಅಳತೆಗೋಲು.